ಕುಮಾರಿ ಕುಶಲಾ ಇಬ್ಬರಿದ್ದಾರೆ ಎಂಬ ಬಗ್ಗೆ

ಐಚ್ಛಿಕ ವಿಷಯಗಳ ಮಂಜೂರಾತಿ ಶಾಖೆ, ಉಡುಪಿ
(ಶಾಖೆಯು ಯಾವ ಇಲಾಖೆಗೆ ಸೇರಿದ್ದೆಂಬುದು ಪರಿಶೀಲನೆಯಲ್ಲಿದೆ)

ಸಂಖ್ಯೆ: ಐವಿಮಂ/ಅರ್ಥ/ಕು-೧ ಮತ್ತು ಕು-೨/೮೪-೮೫
ದಿನಾಂಕ: ೨೩-೮-೧೯೮೪

ಸುತ್ತೋಲೆ

ವಿಷಯ: ಪದವಿ ತರಗತಿಗೆ ಸೇರುವವರು ಅರ್ಥಶಾಸ್ತ್ರ ಮತ್ತು ಅದರ ನೆಂಟರಿಷ್ಟ ವಿಷಯಗಳ ಪೈಕಿ ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
೧. ಇದೇ ವಿಷಯದ ಮೇಲೆ ಈ ಶಾಖೆಯ ಸುತ್ತೋಲೆ, ದಿನಾಂಕ ೨-೭-೧೯೮೪.
೨. ಸದರಿ ಸುತ್ತೋಲೆಯನ್ನು ರದ್ದುಪಡಿಸಿದ ಸುತ್ತೋಲೆ, ಅದೇ ದಿನಾಂಕ, ಮಧ್ಯಾಹ್ನ.
೩. ಅರ್ಥಶಾಸ್ತ್ರ ಅಧ್ಯಾಪಕ ಶ್ರೀ ಲೂಯಿಸ್ ಅವರ ಪತ್ರ (ಓದಿಲ್ಲ).

ಪ್ರಸ್ತಾವನೆ:

ಕೆಮ್ಮಣ್ಣಿನ ಕುಮಾರಿ ಕುಶಲಾ ಅವರು ಬಿ.ಎ. ಪ್ರಥಮ ವರ್ಷಕ್ಕೆ ಅರ್ಜಿ ಹಾಕುವಾಗ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಎಂದು ಬರೆದಿದ್ದರು. ಪಿ.ಯು.ಸಿ.ಯ ಗಣಿತದಲ್ಲಿ ಅವರೇ ಕಾಲೇಜಿಗೆ ಮೊದಲಿಗರು. ಶಾಖೆಯಲ್ಲಿ ಆ ಮೂರನ್ನೂ ಹೊಡೆದುಹಾಕಿ ಗೃಹ ಅರ್ಥಶಾಸ್ತ್ರ ಎಂದು ಬರೆಯಲಾಯಿತು. ಅವರನ್ನು ಕೇಳಲಿಲ್ಲ.

ಕಾಲೇಜಿನ ಹೆಸರನ್ನು ಇಲ್ಲಿ ನಮೂದಿಸಿಲ್ಲ. ನಮೂದಿಸಿದರೆ ಅವರು ಉತ್ತರ ಬರೆಯುತ್ತಾರೆ, ಉತ್ತರ ಬಂದರೆ ಅದನ್ನು ಇಡಲು ಕಪಾಟಿಲ್ಲ. ಆದ್ದರಿಂದ ಎಲ್ಲರ ತಿಳಿವಳಿಕೆಗಾಗಿ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಕಾಲೇಜಿಗೆ ಬರುವ ಮಕ್ಕಳು ತಾವು ಏನು ಓದಬೇಕೆಂಬುದನ್ನು ಮನೆಯಲ್ಲೇ ಯೋಚಿಸಿಕೊಂಡು ಬರುತ್ತಿರುವುದು ಶಾಖೆಯ ಗಮನಕ್ಕೆ ಬಂದಿದೆ. ಇದು ಹೀಗೇ ಮುಂದುವರಿದರೆ ಶಾಖೆಗೆ ಕೆಲಸವೇ ಉಳಿಯುವುದಿಲ್ಲ. ಆದುದರಿಂದ ಇನ್ನು ಮುಂದೆ ಮನೆಯ ಕಸುಬನ್ನು ನೋಡಿ ವಿಷಯ ಹಂಚತಕ್ಕದ್ದು. ಅಂಗಡಿಯಿದ್ದ ಮನೆಗೆ ವಾಣಿಜ್ಯ. ಗದ್ದೆಯಿದ್ದ ಮನೆಗೆ ಗ್ರಾಮೀಣ ಅರ್ಥಶಾಸ್ತ್ರ. ಹತ್ತು ಮಂದಿ ಕೂಡಿ ಮಾಡುವ ಕೆಲಸದ ಮನೆಗೆ ಸಹಕಾರ. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಮನೆಯ ವಿದ್ಯಾರ್ಥಿಯೊಬ್ಬರು ವಾಣಿಜ್ಯ ಕೇಳಿದ್ದರು. ಗುಳ್ಳವು ಗಿಡದಲ್ಲಿರುವವರೆಗೆ ಗ್ರಾಮೀಣ, ಬುಟ್ಟಿಗೆ ಬಿದ್ದ ಮೇಲೆ ವಾಣಿಜ್ಯ ಎಂದು ತೀರ್ಮಾನಿಸಿ, ಅವರು ಕೊಯ್ಲಿಗೆ ಮುಂಚೆ ಒಂದು ತರಗತಿಯಲ್ಲೂ ಕೊಯ್ಲಿನ ನಂತರ ಇನ್ನೊಂದರಲ್ಲೂ ಕೂರತಕ್ಕದ್ದೆಂದು ಆದೇಶಿಸಲಾಗಿದೆ.

೨. ಕಾರ್ಕಳದ ಕಡೆಯ ವಿದ್ಯಾರ್ಥಿಗಳು ಕಡಲಿಗೆ ದೂರದವರು. ಅಲ್ಲಿಗೆ ಮೀನು ಬಸ್ಸಿನ ತಲೆಯ ಮೇಲೆ ಹೋಗುತ್ತದೆ. ಆದ್ದರಿಂದ ಅವರಿಗೆಲ್ಲ ಸಾರಿಗೆ ಅರ್ಥಶಾಸ್ತ್ರ. ಮೀನು ತಿನ್ನದ ಮನೆಯವರು ತಹಶೀಲ್ದಾರರಿಂದ ಪ್ರಮಾಣಪತ್ರ ತಂದಲ್ಲಿ, ಬಸ್ಸಿನೊಳಗೆ ಬರುವ ತರಕಾರಿಯ ಆಧಾರದ ಮೇಲೆ ಅದೇ ವಿಷಯವನ್ನು ನೀಡಲಾಗುವುದು.

೩. ಕಾಪುವಿನ ಕುಮಾರಿ ಮುನೀರಾ ಅವರ ಅಣ್ಣ ದುಬೈಯಲ್ಲಿ ಕೆಲಸಕ್ಕಿದ್ದಾರೆ. ಆದ್ದರಿಂದ ಸದರಿಯವರಿಗೆ ಅಂತರರಾಷ್ಟ್ರೀಯ ವ್ಯಾಪಾರ ಎಂಬ ಪತ್ರಿಕೆ ಸಲ್ಲತಕ್ಕದ್ದು. ಆದರೆ ಅಣ್ಣ ಅಲ್ಲಿ, ತಂಗಿ ಇಲ್ಲಿ ಇರುವುದರಿಂದ ಪತ್ರಿಕೆಯ ಅರ್ಧವನ್ನು ಮಾತ್ರ ಈಗ ಮಂಜೂರು ಮಾಡಲಾಗಿದೆ. ಉಳಿದರ್ಧವನ್ನು ಅಣ್ಣ ರಜೆಯಲ್ಲಿ ಬಂದಾಗ ಕೊಡಲಾಗುವುದು.

೪. ಬರಿಯ ಅರ್ಥಶಾಸ್ತ್ರವನ್ನು, ಅದರಲ್ಲೂ ಗಣಿತ ಮತ್ತು ಸಂಖ್ಯಾಶಾಸ್ತ್ರದ ಜತೆಗಿನ ಅರ್ಥಶಾಸ್ತ್ರವನ್ನು, ಯಾವ ಕಸುಬೂ ಇಲ್ಲದ ಮನೆಯವರಿಗಾಗಿ ಮೀಸಲಿಡಲಾಗಿದೆ. ಅಂಥ ಮನೆಯಿಂದ ಈವರೆಗೆ ಒಬ್ಬರೂ ಅರ್ಜಿ ಹಾಕಿಲ್ಲ. ಆದ್ದರಿಂದ ಸೀಟುಗಳು ಖಾಲಿ ಇವೆ. ಖಾಲಿ ಸೀಟುಗಳನ್ನು ಕೇಳಿದವರಿಗೆ ಕೊಟ್ಟಲ್ಲಿ ಅವು ತುಂಬಿಹೋಗುವ ಅಪಾಯವಿರುವುದರಿಂದ, ಯಾರಿಗೂ ಕೊಡತಕ್ಕದ್ದಲ್ಲ.

೫. ಈಗ ಕುಮಾರಿ ಕುಶಲಾ ಅವರ ವಿಷಯ.

ಶಾಖೆಯ ಅರ್ಜಿಯಲ್ಲಿ ‘ಮನೆಯ ಯಜಮಾನರ ಹೆಸರು ಮತ್ತು ಕಸುಬು’ ಎಂಬ ಅಂಕಣವಿದೆ. ಅರ್ಜಿ ಅಚ್ಚಾದದ್ದು ಘಟ್ಟದ ಮೇಲೆ. ಕಡಲ ಬದಿಯ ಬಹಳಷ್ಟು ಮನೆಗಳಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ಸೋದರಮಾವನದು, ತಂದೆ ಬೇರೊಂದು ಮನೆಯವರು. ಕಲ್ಯಾಣಪುರದಿಂದ ಕಾಪುವರೆಗೆ ಇದನ್ನು ಯಾರೂ ಯಾರಿಗೂ ವಿವರಿಸಿ ಹೇಳಿದ್ದಿಲ್ಲ. ಶಾಖೆಯ ಗುಮಾಸ್ತ ಶ್ರೀ ಜಾರ್ಜ್ ಇಲ್ಲಿಯವರೇ. ಅವರು ಹಿಂದುಮುಂದು ನೋಡದೆ ಕುಶಲಾ ಅವರ ಸೋದರಮಾವ ತಾರಾನಾಥರ ಹೆಸರು ಬರೆದರು. ಕಸುಬು, ರಂಪಣಿ. ರಂಪಣಿ ಎಂದರೆ ಊರಿಡೀ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಊರಿಡೀ ಎಳೆಯುವುದರಿಂದ ವಿಷಯ, ಸಹಕಾರ.

ಅಧೀಕ್ಷಕರು ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು. ಯಜಮಾನ ಎಂದರೆ ತಂದೆಯಲ್ಲದೆ ಮತ್ತಾರು ಎಂಬುದು ಅವರಿಗೆ ಹೊಳೆಯದ ಸಂಗತಿ. ಅವರು ಇನ್ನೊಂದು ಅರ್ಜಿ ತರಿಸಿ, ತಂದೆ ಕಾಪುವಿನ ಶೇಖರರ ಹೆಸರನ್ನು ತಮ್ಮ ಕೈಯಾರೆ ತುಂಬಿದರು. ಕಸುಬು, ಪರ್ಸೀನ್ ಬೋಟು. ಪರ್ಸೀನ್ ಎಂದರೆ ನಡುಗಡಲಲ್ಲೇ ಮೀನಿನ ಹಿಂಡನ್ನು ಚೀಲದ ಬಾಯಿ ಕಟ್ಟಿದಂತೆ ಬಳಿದುಕೊಂಡು ಬರುವ ಯಂತ್ರದ ಬೋಟು. ಬೋಟಿನ ಮೀನು ಲಾರಿಗೆ ಹೋಗುವುದರಿಂದ ವಿಷಯ, ವಾಣಿಜ್ಯ.

ಎರಡೂ ಅರ್ಜಿಗಳಿಗೆ ಮೊಹರು ಬಿದ್ದಿದೆ. ಮೊಹರು ಬಿದ್ದದ್ದು ತಪ್ಪಾಗಲಾರದು. ಆದ್ದರಿಂದ ಕುಮಾರಿ ಕುಶಲಾ ಇಬ್ಬರಿದ್ದಾರೆ ಎಂದು ಈ ಮೂಲಕ ಘೋಷಿಸಲಾಗಿದೆ. ತಾರಾನಾಥರ ಸೋದರ ಸೊಸೆಯನ್ನು ಕು-೧ ಎಂದೂ, ಶೇಖರರ ಮಗಳನ್ನು ಕು-೨ ಎಂದೂ ಕರೆಯತಕ್ಕದ್ದು.

೬. ಕು-೧ ಸಹಕಾರದ ತರಗತಿಗೆ ಒಂದು ದಿನವೂ ಹೋಗಿಲ್ಲ. ಕು-೨ ವಾಣಿಜ್ಯದ ತರಗತಿಗೆ ಒಂದು ದಿನವೂ ಹೋಗಿಲ್ಲ. ಅದೇ ವೇಳೆಯಲ್ಲಿ ಯಾವ ಸಂಖ್ಯೆಯೂ ಇಲ್ಲದ ಒಬ್ಬ ಕುಶಲಾ ಅವರು ಲೂಯಿಸ್ ಅವರ ಅರ್ಥಶಾಸ್ತ್ರದ ತರಗತಿಯಲ್ಲಿ ಮೂರನೇ ಬೆಂಚಿನ ಮೇಲೆ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಕಂಡುಬಂತು. ಇಬ್ಬರಿಗೂ ನೋಟೀಸು ಕಳುಹಿಸಲಾಯಿತು. ಕು-೧ರ ಗೈರುಹಾಜರಿಗೆ ಕು-೨ ಅವರನ್ನು ಸಾಕ್ಷಿಯಾಗಿ ಕರೆದಿದ್ದು, ಸಾಕ್ಷಿಯೂ ಗೈರುಹಾಜರಾಗಿದ್ದಾರೆ.

ನೋಟೀಸು ಕೈಗೆ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಮಾರಿ ಮುನೀರಾ ಅವರು ಅದನ್ನು ಎರಡು ಸಲ ಓದಿ, ‘ನೀನು ಇಬ್ಬರು ಇದ್ದಿ ಅಂತಾದ್ರೆ ಒಬ್ಬಳನ್ನು ನನಗೆ ಕೊಡು ಮಾರಾಯ್ತಿ, ನನ್ನ ಉಳಿದರ್ಧ ಪತ್ರಿಕೆ ಅವಳು ಓದ್ಲಿ’ ಎಂದು ಹೇಳಿದ್ದಾಗಿ ವರದಿಯಾಗಿದೆ. ಸದರಿ ಕುಶಲಾ ನಕ್ಕರು. ನಕ್ಕದ್ದು ಒಬ್ಬರೇ.

೭. ವಿಚಾರಣೆಯ ನಡಾವಳಿ.

ದಿನಾಂಕ ೧೪ರಂದು ಶಾಖೆಯಲ್ಲಿ ವಿಚಾರಣೆ ನಡೆಯಿತು. ಕುಶಲಾ ಅವರ ಜತೆ ತಾಯಿ ಗುಣವತಿ, ಸೋದರಮಾವ ತಾರಾನಾಥ ಹಾಜರಿದ್ದರು. ಗುಣವತಿ ಅವರು ಮೀನು ಮಾರುವವರಾದ್ದರಿಂದ ಬುಟ್ಟಿಯನ್ನು ಮೆಟ್ಟಲ ಕೆಳಗೆ ಇಡಿಸಲಾಯಿತು. ಅದಕ್ಕೆ ರಸೀದಿ ಕೊಟ್ಟಿಲ್ಲ. ಅವರ ಮಾತುಗಳನ್ನು ಕಚೇರಿಯ ಭಾಷೆಗೆ ತಿರುಗಿಸಲು ಶೀಘ್ರಲಿಪಿಗಾರ್ತಿಯವರು ಪ್ರಯತ್ನಿಸಿ ಕೈಬಿಟ್ಟಿರುವುದರಿಂದ, ಇದ್ದಂತೆಯೇ ಕೊಡಲಾಗಿದೆ.

ಅಧೀಕ್ಷಕರು: ‘ಈ ಹುಡುಗಿ ಯಾರ ಮನೆಯವಳು?’

ಗುಣವತಿ: ‘ನನ್ನ ಮನೆಯವಳು. ಮತ್ತೆ ಯಾರ ಮನೆಯವಳು ಆಗ್ಬೇಕು?’

ಅಧೀಕ್ಷಕರು: ‘ಹಾಗಲ್ಲಮ್ಮ. ಯಜಮಾನರು ಯಾರು ಅಂತ ಕೇಳಿದ್ದು.’

ಗುಣವತಿ: ‘ನನ್ನ ಅಣ್ಣ. ಇಲ್ಲೇ ನಿಂತದ್ದಲ್ವಾ. ಎಂತ ಸಾರ್, ಕಾಣುದಿಲ್ವಾ?’

ಅಧೀಕ್ಷಕರು: ‘ಮತ್ತೆ ನಿಮ್ಮ ಯಜಮಾನರು? ಅಂದರೆ ಇವಳ ತಂದೆ?’

ಗುಣವತಿ: ‘ಅವರು ಕಾಪುವಿನವರು. ಬೋಟಿಗೆ ಹೋಗಿದ್ದಾರೆ. ಬಂದ ದಿನ ನಮ್ಮಲ್ಲಿ ಊಟ ಉಂಟು. ಊಟ ಮಾಡಿದವರೆಲ್ಲ ಯಜಮಾನರು ಆಗ್ಲಿಕ್ಕೆ ಉಂಟಾ?’

ತಾರಾನಾಥ: ‘ಸಾರ್, ನಾನು ಒಂದು ಹೇಳ್ತೇನೆ. ರಂಪಣಿಯನ್ನು ಸುತ್ತಿ ಹಂಚಿನ ಮಾಡಿನ ಅಡಿಗೆ ಹಾಕಿ ವರ್ಷ ಎಷ್ಟೋ ಆಯ್ತು. ಇಲಿ ಕಚ್ಚಿ ಕಚ್ಚಿ, ಈಗ ಅದರಲ್ಲಿ ಇಲಿ ಹಿಡಿಲಿಕ್ಕೂ ಆಗುದಿಲ್ಲ. ಅದನ್ನು ನೋಡಿ ನೀವು ಇವಳಿಗೆ ಸಹಕಾರ ಕೊಟ್ಟದ್ದು ಅಲ್ವಾ? ಬಲೆಯನ್ನು ನಿಮ್ಮ ಆಫೀಸಿಗೆ ತಂದು ಹಾಕ್ತೇನೆ ಮಾರಾಯ್ರೆ, ನೀವೇ ಇಟ್ಕೊಳ್ಳಿ. ಹುಡುಗಿಗೆ ಅವಳು ಕೇಳಿದ್ದು ಕೊಡಿ.’

ಬಲೆಯನ್ನು ಸ್ವೀಕರಿಸಲು ಶಾಖೆಗೆ ಅಧಿಕಾರವಿಲ್ಲವೆಂದು ತಿಳಿಸಲಾಯಿತು. ಆ ಬಳಿಕ ಕುಶಲಾ ಅವರನ್ನು, ಇಬ್ಬರ ಪರವಾಗಿಯೂ, ಪ್ರಶ್ನಿಸಲಾಯಿತು.

ಅಧೀಕ್ಷಕರು: ‘ನಿನಗೆ ಅರ್ಥಶಾಸ್ತ್ರವೇ ಯಾಕೆ ಬೇಕು?’

ಕುಶಲಾ: ‘ಒಂದು ವಿಷಯ ತಿಳಿಯಬೇಕಿತ್ತು, ಸಾರ್. ನಾನು ಸಣ್ಣವಳಿರುವಾಗ ರಂಪಣಿ ಎಳೆದ್ರೆ ಹಗ್ಗ ಮುಟ್ಟಿದವರಿಗೆಲ್ಲ ಪಾಲು ಇತ್ತು. ಆಮೇಲೆ ಪರ್ಸೀನ್ ಬಂತು. ಬಂಗುಡೆ ರಾಶಿ ರಾಶಿ ಬಂತು. ಲಾರಿಗೆ ತುಂಬಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕಿದ್ರು. ಆ ವರ್ಷವೇ ನಮ್ಮ ಮನೆಯಲ್ಲಿ ಮೀನು ಇಲ್ಲ. ಹೆಚ್ಚಾದದ್ದೂ ಹೌದು, ನಮಗೆ ಕಡಿಮೆಯಾದದ್ದೂ ಹೌದು. ಅದು ಹೇಗೆ ಆಗ್ತದೆ?’

ಅಧೀಕ್ಷಕರು: ‘ಅದನ್ನು ಮೀನುಗಾರಿಕೆಯವರನ್ನು ಕೇಳಬೇಕು.’

ಕುಶಲಾ: ‘ಕೇಳಿದೆ ಸಾರ್. ಈ ವರ್ಷ ಮೀನು ಹೆಚ್ಚಾಗಿದೆ ಅಂದ್ರು.’

ಅಧೀಕ್ಷಕರು: ‘ಅದಕ್ಕೆ ಗಣಿತ ಯಾಕೆ?’

ಕುಶಲಾ: ‘ಲೂಯಿಸ್ ಸರ್ ಹೇಳಿದ್ರು, ಬರೀ ಸಿಟ್ಟು ಇದ್ರೆ ಸಾಕಾಗುದಿಲ್ಲ, ಲೆಕ್ಕ ಗೊತ್ತಿರಬೇಕು ಅಂತ. ಸಿಟ್ಟು ಉಂಟು ಸಾರ್. ಲೆಕ್ಕ ಕಲೀಬೇಕು.’

ಇಲ್ಲಿ ಚಹಾ ಬಂತು. ಅಧೀಕ್ಷಕರು ಕುಡಿದು ಮುಗಿಸುವವರೆಗೆ ಸದರಿ ಕುಶಲಾ ಕಿಟಕಿಯ ಆಚೆ ನೋಡುತ್ತಾ ನಿಂತಿದ್ದರು. ಆಗ ಅವರ ತಲೆಯಲ್ಲಿ ಓಡಿದ್ದು ಕಡತಕ್ಕೆ ಸೇರಬೇಕಾದ ಸಂಗತಿಯಲ್ಲ, ಹೇಗೋ ಸೇರಿಹೋಗಿದೆ. ಒದ್ದೆ ಹಗ್ಗದ ನಾರು ಅಂಗೈಗೆ ಚುಚ್ಚುತ್ತಿದ್ದದ್ದು. ಮುಂದೆ ಮಾವ, ಹಿಂದೆ ಯಾರದೋ ಅಜ್ಜಿ, ನಡುವೆ ತಾನು, ಎಳೆದದ್ದಕ್ಕಿಂತ ಜೋತುಬಿದ್ದದ್ದೇ ಹೆಚ್ಚು. ಬಲೆ ದಡಕ್ಕೆ ಬಂದ ಮೇಲೆ ಪಾಲು ಹಂಚುವವನು ಅವಳ ಮುಂದೆ ನಿಂತು, ‘ನೀನು ಮುಟ್ಟಿದ್ದಿಯಾ?’ ಎಂದು ಕೇಳಿದ್ದು. ಅವಳು ಕೆಂಪಾದ ಅಂಗೈ ತೋರಿಸಿದ್ದು. ಅವನು ಬಗ್ಗಿ ನೋಡಿ, ದೊಡ್ಡವರಿಗೆ ಕೊಟ್ಟಷ್ಟೇ ಗಂಭೀರವಾಗಿ ಅವಳ ಲಂಗದ ಮಡಿಲಿಗೆ ಬಂಗುಡೆ ಹಾಕಿದ್ದು. ಆ ದಿನ ಅವಳ ಮನೆಯ ಯಜಮಾನ ಯಾರೆಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಸದರಿ ಸಂಗತಿಯು ಶಾಖೆಗೆ ಹೇಗೆ ತಿಳಿಯಿತೆಂದು ಯಾರೂ ವಿಚಾರಿಸತಕ್ಕದ್ದಲ್ಲ.

೮. ತೀರ್ಮಾನ.

ಮೀನು ಹೆಚ್ಚಾದದ್ದು ಕಡಲಿನಲ್ಲಿ. ಅದು ಮೀನುಗಾರಿಕೆಗೆ ಸೇರಿದ್ದು, ಶಾಖೆಗೆ ಸಂಬಂಧವಿಲ್ಲ. ಕಡಿಮೆಯಾದದ್ದು ಮನೆಯಲ್ಲಿ. ಮನೆಯೊಳಗೆ ಆಗುವುದೆಲ್ಲ ಗೃಹ ಅರ್ಥಶಾಸ್ತ್ರಕ್ಕೆ ಸೇರತಕ್ಕದ್ದು. ಕಡಲಿಗೂ ಮನೆಗೂ ನಡುವೆ ಏನಾಯಿತೆಂಬ ವಿಷಯಕ್ಕೆ ಸದ್ಯ ಯಾವ ಕಾಲೇಜಿನಲ್ಲೂ ಪಠ್ಯಕ್ರಮ ಮಂಜೂರಾಗಿಲ್ಲ. ಇದಲ್ಲದೆ ಕು-೧ ಮತ್ತು ಕು-೨ ಒಂದೇ ಮಡಕೆಯ ಗಂಜಿ ಉಣ್ಣುತ್ತಿರುವುದು ತಾಯಿಯ ಹೇಳಿಕೆಯಿಂದ ಸ್ಪಷ್ಟವಾಗಿದೆ. ಹೀಗಾಗಿ ಸಹಕಾರ ಮತ್ತು ವಾಣಿಜ್ಯಗಳೆರಡನ್ನೂ ರದ್ದುಪಡಿಸಿ, ಇಬ್ಬರನ್ನೂ ಗೃಹ ಅರ್ಥಶಾಸ್ತ್ರದಲ್ಲಿ ಒಂದುಗೂಡಿಸಲಾಗಿದೆ. ಪ್ರಸ್ತಾವನೆಯಲ್ಲಿ ಹೇಳಿದ ತಿದ್ದುಪಡಿ ವಿಚಾರಣೆಗೆ ಮುಂಚೆಯೇ ಆಗಿತ್ತಲ್ಲವೇ ಎಂದು ತಾರಾನಾಥರು ಕೇಳಿದ್ದಾರೆ. ಕೆಲಸ ಬೇಗ ಆಗಿರುವುದಕ್ಕೆ ಶಾಖೆಯನ್ನು ದೂರುವುದು ಸರಿಯಲ್ಲ.

೯. ಗೃಹ ಅರ್ಥಶಾಸ್ತ್ರದ ವಿದ್ಯಾರ್ಥಿನಿಯರು ಪಾಲಿಸಬೇಕಾದ ನಿಯಮಗಳು:

(ಅ) ಬೆಲೆಗಳ ಬಗ್ಗೆ ಹೊಸ್ತಿಲವರೆಗೆ ಮಾತ್ರ ಆಲೋಚಿಸತಕ್ಕದ್ದು. ಹೊಸ್ತಿಲ ಆಚೆ ಬೆಲೆ ಏರಿದಲ್ಲಿ ಸಾರಿಗೆ ನೀರು ಸೇರಿಸಿ ವರದಿ ಮಾಡತಕ್ಕದ್ದು.

(ಆ) ಗ್ರಾಫ್ ಹಾಳೆ ಇಟ್ಟುಕೊಂಡಿರುವುದು ಕಂಡುಬಂದಲ್ಲಿ ಅದನ್ನು ಕಸೂತಿಯ ನಮೂನೆಯೆಂದು ಪರಿಗಣಿಸಲಾಗುವುದು. ಅದರ ಮೇಲಿನ ಗೆರೆ ಏರುತ್ತಿದ್ದರೆ ಬಳ್ಳಿ, ಇಳಿಯುತ್ತಿದ್ದರೆ ಬಾಡಿದ ಬಳ್ಳಿ. ಎರಡು ಗೆರೆಗಳು ಒಂದನ್ನೊಂದು ದಾಟುವಂತೆ ಎಳೆಯುವುದಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

(ಇ) ‘ಯಾಕೆ’ ಎಂಬುದನ್ನು ‘ಎಷ್ಟು ಚಮಚ’ ಎಂಬುದರ ಜತೆಯಲ್ಲಿ ಮಾತ್ರ ಬಳಸತಕ್ಕದ್ದು.

(ಈ) ಮಣಿಪಾಲದ ಬಸ್ಸಿನಲ್ಲಿ ಅರ್ಥಶಾಸ್ತ್ರದವರ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಪ್ರಯಾಣಿಸತಕ್ಕದ್ದು. ಬಸ್ಸು ಗಕ್ಕನೆ ನಿಂತಾಗ ಮೈಗೆ ಮೈ ತಾಗಿದಲ್ಲಿ, ಆ ಕ್ಷಣದಲ್ಲಿ ಯಾವುದೇ ಸಿದ್ಧಾಂತದ ವಿನಿಮಯ ಆಗಿಲ್ಲವೆಂದು ಕಂಡಕ್ಟರರಿಂದ ಬರೆಸಿ ತರತಕ್ಕದ್ದು. ಕಂಡಕ್ಟರರು ವಾಣಿಜ್ಯ ಪದವೀಧರರಾಗಿದ್ದಲ್ಲಿ ಡ್ರೈವರರಿಂದ.

೧೦. ಅಧ್ಯಾಪಕ ಶ್ರೀ ಲೂಯಿಸ್ ಅವರ ಬಗ್ಗೆ.

ತರಗತಿಯಲ್ಲಿ ಕುಶಲಾ ಅವರ ಹೆಸರನ್ನು ಕರೆಯಬಾರದೆಂದು ಸದರಿ ಅಧ್ಯಾಪಕರಿಗೆ ಸೂಚಿಸಲಾಗಿತ್ತು. ಮರುದಿನವೇ ಕರೆದರು. ವಿವರಣೆ ಕೇಳಲಾಗಿ, ‘ಕಣ್ಣೆದುರು ಕೂತವರನ್ನು ಇಲ್ಲ ಅಂತ ಬರೆಯಲಿಕ್ಕೆ ನನಗೆ ಅಭ್ಯಾಸ ಇಲ್ಲ, ಅದಕ್ಕೆ ನಿಮ್ಮಲ್ಲಿ ಪ್ರತ್ಯೇಕ ಶಾಖೆಯೇ ಉಂಟಲ್ಲ’ ಎಂದು ಉತ್ತರಿಸಿದ್ದಾರೆ. ಶಾಖೆಯ ಬಗ್ಗೆ ಆಡಿದ ಒಳ್ಳೆಯ ಮಾತಿಗೆ ಧನ್ಯವಾದ ತಿಳಿಸಲಾಗಿದೆ.

ಅನಂತರ ಮೂರನೇ ಬೆಂಚನ್ನು ದುರಸ್ತಿಯ ನೆಪದಲ್ಲಿ ತೆಗೆಸಿಹಾಕಲಾಯಿತು. ಸದರಿ ವಿದ್ಯಾರ್ಥಿನಿ ಎರಡನೇ ಬೆಂಚಿಗೆ ಬಂದರು. ಎರಡನೆಯದನ್ನು ತೆಗೆಸಲಾಯಿತು. ಮೊದಲನೆಯದಕ್ಕೆ ಬಂದರು. ಹೀಗೆ ಮುಂದುಮುಂದಕ್ಕೆ ಬರುತ್ತಿರುವ ಪ್ರವೃತ್ತಿಯನ್ನು ಶಾಖೆಯು ಕಳವಳದಿಂದ ಗಮನಿಸಿದೆ. ಮೊದಲ ಬೆಂಚನ್ನೂ ತೆಗೆದಲ್ಲಿ ಅವರು ಕರಿಹಲಗೆಯ ಬಳಿಯೇ ನಿಲ್ಲುವ ಸಂಭವವಿರುವುದರಿಂದ ಆ ಕ್ರಮವನ್ನು ಕೈಬಿಡಲಾಗಿದೆ.

೧೧. ಆದ್ದರಿಂದ ಕು-೧ ಮತ್ತು ಕು-೨ ಈ ಸುತ್ತೋಲೆ ಕೈಸೇರಿದ ಕೂಡಲೇ ಅರ್ಥಶಾಸ್ತ್ರದ ತರಗತಿಯಿಂದ ಎದ್ದು, ಹೊರಾಂಗಣ ದಾಟಿ, ಗೃಹ ಅರ್ಥಶಾಸ್ತ್ರದ ಕೊಠಡಿಗೆ ತೆರಳತಕ್ಕದ್ದು. ಹೊರಡುವ ಮುಂಚೆ ಲಗತ್ತಿಸಿದ ಮುಚ್ಚಳಿಕೆಗೆ ಇಬ್ಬರೂ ಬೇರೆಬೇರೆ ಅಕ್ಷರಗಳಲ್ಲಿ ಸಹಿ ಹಾಕಿ, ಒಬ್ಬರನ್ನೊಬ್ಬರು ಗುರುತಿಸಿರುವುದಾಗಿ ದೃಢೀಕರಿಸತಕ್ಕದ್ದು. ಮುಚ್ಚಳಿಕೆಯ ಒಕ್ಕಣೆ: ‘ಅರ್ಥಶಾಸ್ತ್ರವು ನನ್ನ ಮನೆಗೆ ಸಂಬಂಧಪಟ್ಟದ್ದಲ್ಲವೆಂದು ನಾನು ಸ್ವಂತ ಬುದ್ಧಿಯಿಂದ ಮನಗಂಡಿದ್ದೇನೆ.’

ಸಹಿ ಹಾಕದಿದ್ದಲ್ಲಿ ಈ ತಿಂಗಳ ಕೊನೆಗೆ ಎರಡೂ ಹೆಸರುಗಳನ್ನು ಕಾಲೇಜಿನಿಂದ ತೆಗೆದುಹಾಕಲಾಗುವುದು. ಮುಂದೆ ಯಾವ ಕಾಲೇಜಿಗೆ ಅರ್ಜಿ ಹಾಕಿದರೂ, ‘ಈಕೆ ಇಬ್ಬರು’ ಎಂದು ಪತ್ರ ಬರೆಯಲಾಗುವುದು.

೧೨. ಸೋದರ ಸೊಸೆಯನ್ನು ಒಪ್ಪಿಸುವ ಹೊಣೆಯನ್ನು ಯಜಮಾನರೆಂಬ ನೆಲೆಯಲ್ಲಿ ತಾರಾನಾಥರಿಗೆ ವಹಿಸಲಾಗಿದೆ. ಅವರು ಯಜಮಾನರೆಂದು ಶಾಖೆ ಒಪ್ಪಿರುವುದು ಈ ಒಂದು ಕೆಲಸದ ಮಟ್ಟಿಗೆ ಮಾತ್ರ. ಸೂಚನೆಯನ್ನು ಓದಿ ಹೇಳಿದಾಗ ಅವರು, ‘ಒಪ್ಪಿಸ್ಲಿಕ್ಕೆ ನಾನು ಯಾರು? ಅವಳ ತಲೆಗೆ ಯಜಮಾನ ಬೇಡ’ ಎಂದು ಹೇಳಿ ಮೆಟ್ಟಲಿಳಿದು ಹೋಗಿದ್ದಾರೆ. ಇದನ್ನು ಸಮ್ಮತಿಯೆಂದು ದಾಖಲಿಸಿಕೊಳ್ಳಲಾಗಿದೆ.

ಮೇಲಿನ ಎಲ್ಲವನ್ನೂ ಎಲ್ಲರೂ ಚಾಚೂ ತಪ್ಪದೆ ಪಾಲಿಸುವರೆಂದು ನಂಬಿ ಶಾಖೆಯು ಊಟಕ್ಕೆ ತೆರಳಿದೆ.

(ಸಹಿ ಇದೆ; ಯಾರದೆಂದು ತಿಳಿಯುವುದಿಲ್ಲ)
ಅಧೀಕ್ಷಕರು (ಪ್ರಭಾರ)
ಐಚ್ಛಿಕ ವಿಷಯಗಳ ಮಂಜೂರಾತಿ ಶಾಖೆ

ಪ್ರತಿಗಳು:

೧. ಪ್ರಾಂಶುಪಾಲರು, ಸದರಿ ಕಾಲೇಜು: ಬೆಂಚುಗಳನ್ನು ವಾಪಸು ಕೇಳಬಾರದೆಂಬ ಸೂಚನೆಯೊಂದಿಗೆ.

೨. ಮೀನುಗಾರಿಕೆಯವರು: ಮೀನು ಹೆಚ್ಚಾಗಿರುವುದಕ್ಕೆ ಅಭಿನಂದನೆಗಳೊಂದಿಗೆ.

೩. ಶ್ರೀ ಶೇಖರ, ಕಾಪು: ಸದರಿಯವರು ಕಡಲಿನಲ್ಲಿರುವುದರಿಂದ ಪ್ರತಿಯನ್ನು ದಡದಲ್ಲಿ ಅಂಟಿಸಲಾಗಿದೆ. ಅಂಟಿಲ್ಲ.

೪. ಕುಮಾರಿ ಮುನೀರಾ, ಕಾಪು: ಅರ್ಧ ಪ್ರತಿ.

೫. ಶ್ರೀ ಲೂಯಿಸ್, ಅಧ್ಯಾಪಕರು: ಜಾರಿಯ ಸಮಯದಲ್ಲಿ ಪಾಠವನ್ನು ನಿಲ್ಲಿಸತಕ್ಕದ್ದೆಂಬ ಸೂಚನೆಯೊಂದಿಗೆ. (ನಿಲ್ಲಿಸಿಲ್ಲ.)

೬. ಹೆಚ್ಚುವರಿ ಪ್ರತಿ: ಯಾರಿಗಾದರೂ.

೭. ಕುಮಾರಿ ಕುಶಲಾ (ಕು-೧) ಮತ್ತು ಕುಮಾರಿ ಕುಶಲಾ (ಕು-೨): ಮುಚ್ಚಳಿಕೆ ಸಹಿತ, ತರಗತಿಯಲ್ಲೇ ಖುದ್ದು ಜಾರಿ. ಜಾರಿ ಮಾಡಿದ ಗುಮಾಸ್ತ ಜಾರ್ಜ್ ಅವರ ಷರಾ: ‘ಎರಡೂ ಪ್ರತಿ ಕೊಟ್ಟೆ. ಮೊದಲಿನಿಂದ ಕೊನೆಯವರೆಗೆ ಓದಿದರು. ಪೆನ್ನು ಚಾಚಿದೆ, ತೆಗೆದುಕೊಳ್ಳಲಿಲ್ಲ. “ಸಹಿ ಹಾಕುದಿಲ್ಲ ಜಾರ್ಜಣ್ಣ, ಎದ್ದು ಹೋಗುದೂ ಇಲ್ಲ. ನೀವು ಬೇಕಾದ್ರೆ ಇಲ್ಲಿ ಕೂತ್ಕೊಳ್ಳಿ, ಪಾಠ ಸುರು ಆಗಿದೆ” ಎಂದು ಹೇಳಿ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.’